ಇಂಗಾಲದ ಲೆಕ್ಕವೂ ಹೊಲದ ಮಣ್ಣೂ

ವಾಯುಮಂಡಲದಲ್ಲಿ ಹೆಚ್ಚುತ್ತಿರುವ ಇಂಗಾಲಾಮ್ಲವಾಯುವನ್ನು ಹಿಡಿದು ಭೂಮಿಯಲ್ಲಿ ಸಂಗ್ರಹಿಸಬೇಕೆಂಬ ಮಾತು ಈಗ ಎಲ್ಲೆಡೆಯೂ ಕೇಳಿಬರುತ್ತಿದೆ. ನಾರ್ವೆ ದೇಶದ ಸ್ಲೈಪ್ನರ್ ಎಂಬಲ್ಲಿ 1996ರಲ್ಲಿಯೇ ಸಮುದ್ರತಳದ ಕೆಳಗಣ ಮರಳುಗಲ್ಲಿನೊಳಕ್ಕೆ ಈ ವಾಯುವನ್ನು ಒತ್ತಿ ತುಂಬುವ ಕಾರ್ಯವು ಆರಂಭವಾಯಿತು. ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೋಕುಗಳ ನೆಲದಡಿಯಲ್ಲಾದರೋ ಇರುವುದು ರಂಧ್ರಗಳಿಲ್ಲದ ಗಟ್ಟಿ ಬಂಡೆ. ಇಲ್ಲಿ ಇಂಗಾಲದ ಕಣಜವೆಂದರೆ ಕಾಡು ಮತ್ತು ಹೊಲದ ಮೇಲ್ಮಣ್ಣು.

ಈ ಕಣಜವನ್ನು ಅಳೆಯುವ ಸಾಧನವೊಂದು ರೈತರಲ್ಲಿಯೇ ಇದೆ. 2015ರಲ್ಲಿ ಜಾರಿಗೆ ಬಂದ ಮಣ್ಣು ಆರೋಗ್ಯ ಚೀಟಿಯಲ್ಲಿ ಸಾವಯವ ಇಂಗಾಲದ ಪ್ರಮಾಣವು ನಮೂದಾಗುತ್ತದೆ. ಅದು ಶೇಕಡ 0.5ಕ್ಕಿಂತ ಕಡಿಮೆಯಿದ್ದರೆ ಮಣ್ಣು ಬಡವಾದುದೆಂದು ಎಣಿಸುವರು. ಒಂದು ಎಕರೆಯ ಅರ್ಧ ಅಡಿ ಆಳದ ಮಣ್ಣು ಸುಮಾರು 900 ಟನ್ನು ತೂಗುವುದರಿಂದ, ಈ ಪ್ರಮಾಣವು 0.4ರಿಂದ 0.5ಕ್ಕೆ ಏರಿದರೆ ಸುಮಾರು 0.9 ಟನ್ನು ಇಂಗಾಲ, ಎಂದರೆ 3.3 ಟನ್ನು ಇಂಗಾಲಾಮ್ಲವಾಯು ನೆಲದಲ್ಲಿ ನಿಂತಂತಾಯಿತು.

ಆದರೆ ಈ ಲೆಕ್ಕದಲ್ಲಿ ತೊಡಕುಗಳುಂಟು. ಹನೂರಿನ ಕಲ್ಲುಮಿಶ್ರಿತ ಕೆಂಪು ಮಣ್ಣಿನಲ್ಲಿ ಕಲ್ಲಿನ ಪಾಲನ್ನು ಕಳೆಯದಿದ್ದರೆ ತೂಕವೇ ತಪ್ಪುತ್ತದೆ. ಒಂದೇ ಹೊಲದ ಮೇಲಣ ಅಂಚಿಗೂ ಕೆಳಗಣ ಬದುವಿಗೂ ಇರುವ ಅಂತರವು ಹಲವು ವರ್ಷಗಳ ಏರಿಕೆಗಿಂತ ದೊಡ್ಡದಾಗಿರಬಹುದು. ಕಾಡಿನ ತರಗನ್ನು ತಂದು ಹೊಲಕ್ಕೆ ಹರಡಿದರೆ ಇಂಗಾಲವು ಸ್ಥಳ ಬದಲಿಸಿತೇ ಹೊರತು ಹೆಚ್ಚಲಿಲ್ಲ. ಯಳಂದೂರಿನ ತರಿ ಗದ್ದೆಗಳಲ್ಲಿ ನೀರು ನಿಂತಾಗ ಹೊರಡುವ ಮೀಥೇನ್ ವಾಯುವನ್ನು ಖರ್ಚಿನ ಕಡೆ ಬರೆಯಬೇಕು. ಕೂಡಿಟ್ಟ ಇಂಗಾಲವಾದರೂ ಅತಿ ಉಳುಮೆಯಿಂದಲೂ ಮಣ್ಣಿನ ಸವಕಳಿಯಿಂದಲೂ ಕರಗಿಹೋಗಬಹುದು.

2023ರಲ್ಲಿ ಭಾರತ ಸರ್ಕಾರವು ಕಾರ್ಬನ್ ಕ್ರೆಡಿಟ್ ವಿನಿಮಯದ ಯೋಜನೆಯನ್ನು ಪ್ರಕಟಿಸಿತು. ಹೀಗಿರಲು, ಸರಿಯಾದ ಅಳತೆಯಿಲ್ಲದೆಯೇ ಹಣದ ಆಸೆ ತೋರಿಸಿ ಯಾರೇ ಆಗಲಿ ರೈತನಿಂದ ದೀರ್ಘಕಾಲದ ಕರಾರು ಬರೆಯಿಸಿಕೊಳ್ಳುವುದು ನ್ಯಾಯವೆನಿಸದು. ಮೊದಲು ಪ್ರತಿ ಹೋಬಳಿಯಲ್ಲಿಯೂ ಕೆಲವು ಹೊಲಗಳನ್ನು ಗೊತ್ತುಮಾಡಿ, ಗುರುತಿಟ್ಟ ಸ್ಥಳಗಳಿಂದಲೇ, ಒಂದೇ ಆಳದಿಂದ, ಒಂದೇ ಋತುವಿನಲ್ಲಿ ಮಣ್ಣು ತೆಗೆದು, ತೂಕಮಾಡಿ, ಐದು ವರ್ಷಗಳಿಗೊಮ್ಮೆ ಪರೀಕ್ಷಿಸತಕ್ಕದ್ದು. ಫಲಿತಾಂಶವು ಆ ಊರಿನ ರೈತರಿಗೆ ತಿಳಿಯುವಂತಿರಬೇಕು.

ಅಲ್ಲಿಯವರೆಗೆ ರೈತರು ಸುಮ್ಮನೆ ಕುಳಿತಿರಬೇಕಾಗಿಲ್ಲ. ಕೊಳ್ಳೇಗಾಲದ ಹಿಪ್ಪುನೇರಳೆ ತೋಟಗಳಿಂದ ವರ್ಷದಲ್ಲಿ ಹಲವು ಸಾರಿ ಸೊಪ್ಪು ಹೊರಹೋಗುತ್ತದೆ. ಹುಳುಮನೆಯ ಹಿಕ್ಕೆಯನ್ನೂ ಮಿಕ್ಕ ಕಡ್ಡಿಯನ್ನೂ ಚೆನ್ನಾಗಿ ಕಳಿಸಿ ಗೊಬ್ಬರವಾಗಿ ಹಿಂದಿರುಗಿಸಲಿ. ಕಬ್ಬಿನ ತರಗನ್ನು ಸುಡದೆ ನೆಲಕ್ಕೆ ಹೊದಿಸಲಿ. ಖುಷ್ಕಿ ಹೊಲದ ಬದುಗಳಲ್ಲಿ ಹೊಂಗೆಯನ್ನು ಬೆಳೆಸಲಿ. ಇಂಗಾಲಕ್ಕೆ ಬೆಲೆ ಬಂದರೂ ಬಾರದಿದ್ದರೂ ಮಣ್ಣಿನಲ್ಲಿ ತೇವ ನಿಲ್ಲುವುದು. ಬೆಳೆಗೆ ಅದರ ಪ್ರಯೋಜನ ದೊರೆಯುವುದು.