ಕರಡಿಯೂ ಬಾಳಲಿ, ರೈತನೂ ಬಾಳಲಿ

‘ಕರಡಿ ದಾಳಿ: ರೈತನಿಗೆ ತೀವ್ರ ಗಾಯ.’ ಕೊಪ್ಪಳ, ಗಂಗಾವತಿ, ಸಂಡೂರು, ಕೂಡ್ಲಿಗಿಗಳ ಕಡೆಯಿಂದ ಆಗಾಗ ಬರುವ ಸುದ್ದಿ ಇದು. ನಾಲ್ಕು ಸಾಲುಗಳಲ್ಲಿ ಮುಗಿದುಹೋಗುತ್ತದೆ. ದೂರದವರು ಓದಿ, ‘ಪಾಪ’ ಎಂದು ಪುಟ ತಿರುವುತ್ತಾರೆ. ಆದರೆ ಈ ಹೈದರಾಬಾದಿನ ಹೋಟೆಲುಗಳಲ್ಲಿ ಟೇಬಲು ಒರೆಸುವ, ಒಲೆಯ ಮುಂದೆ ನಿಲ್ಲುವ, ಗಲ್ಲಾದಲ್ಲಿ ಕೂರುವ, ಕಛೇರಿಗಳಲ್ಲಿ ಗುಮಾಸ್ತಿಕೆ ಮಾಡುವ ನಮ್ಮ ಬಂಧುಗಳ ಪೈಕಿ ಆ ತಾಲ್ಲೂಕುಗಳವರಿಗೆ ಆ ಸುದ್ದಿ ಅಷ್ಟಕ್ಕೇ ಮುಗಿಯುವುದಿಲ್ಲ. ಅವರು ಊರಿನ ಹೆಸರನ್ನು ಎರಡು ಬಾರಿ ಓದಿಕೊಳ್ಳುತ್ತಾರೆ. ನಸುಕಿನಲ್ಲಿ ಹೊಲಕ್ಕೆ ನೀರು ಬಿಡಲು ಹೋಗುವ ತಂದೆಯೋ, ಕುರಿ ಕಾಯುವ ತಮ್ಮನೋ ಅವರ ಕಣ್ಣ ಮುಂದೆ ಬರುವುದು ಸಹಜ. ಆದುದರಿಂದ ಈ ವಿಷಯವನ್ನು ಕುರಿತು ನಾಲ್ಕು ಮಾತುಗಳನ್ನು ನಮ್ಮ ವಾಚಕರ ಮುಂದಿಡುವುದು ಅವಶ್ಯವೆಂದು ಭಾವಿಸಿದ್ದೇವೆ.

ಇಂತಹ ಸುದ್ದಿ ಬಂದಾಗಲೆಲ್ಲ ಎರಡು ಕೂಗುಗಳು ಏಳುತ್ತವೆ. ‘ಕರಡಿಗಳನ್ನು ಹೊಡೆಯಿರಿ, ಇಲ್ಲವೆ ಹಿಡಿದು ಸಾಗಿಸಿರಿ’ ಎಂಬುದು ಒಂದು. ‘ಕಾಡು ಕರಡಿಯದು, ಅಲ್ಲಿಗೆ ಹೋದ ಮನುಷ್ಯನದೇ ತಪ್ಪು’ ಎಂಬುದು ಇನ್ನೊಂದು. ಮೊದಲನೆಯದು ಸಂಕಟದಿಂದ ಹುಟ್ಟಿದ್ದು. ಅದನ್ನು ಹಗುರಾಗಿ ಕಾಣಲಾಗದು. ಎರಡನೆಯದು ಬಹುಮಟ್ಟಿಗೆ ಪಟ್ಟಣದ ಮನೆಯೊಳಗೆ ಕುಳಿತವರ ಮಾತು. ನಾವು ಹೋಟೆಲು ನಡೆಸಿ ಬಂದವರು. ಉಂಡವನು ಒಬ್ಬ, ಹಣ ತೆರುವವನು ಇನ್ನೊಬ್ಬ ಎಂದಾದರೆ ಗಲ್ಲಾದಲ್ಲಿ ಜಗಳ ತಪ್ಪದೆಂಬುದನ್ನು ಬಲ್ಲೆವು. ವನ್ಯಮೃಗಗಳನ್ನು ಉಳಿಸಿದ ಪುಣ್ಯವನ್ನು ದೇಶವೆಲ್ಲ ಉಣ್ಣುತ್ತಿದೆ. ಅದರ ಬೆಲೆಯನ್ನು ಮಾತ್ರ ಬೆಟ್ಟದಂಚಿನ ಬಡವನೊಬ್ಬನೇ ತೆರುತ್ತಿದ್ದಾನೆ. ಈ ಲೆಕ್ಕ ಸರಿಹೋಗುವ ತನಕ ಕರುಣೆಯ ಮಾತು ಊರುಗಳಲ್ಲಿ ನಾಟದು.

ಕರಡಿಯ ಸ್ವಭಾವ

ಮೊದಲು ಪ್ರಾಣಿಯನ್ನು ಅರಿತುಕೊಳ್ಳೋಣ. ನಮ್ಮ ಕಡೆಯ ಈ ಜೋಲುತುಟಿಯ ಕಪ್ಪು ಕರಡಿ ಭಾರತ ಉಪಖಂಡ ಮತ್ತು ಶ್ರೀಲಂಕಾಗಳನ್ನು ಬಿಟ್ಟು ಪ್ರಪಂಚದ ಬೇರೆಲ್ಲಿಯೂ ಕಾಡಿನಲ್ಲಿ ಇಲ್ಲ. ಇದು ಮನುಷ್ಯನನ್ನು ತಿನ್ನಲೆಂದು ಬರುವ ಮೃಗವಲ್ಲ. ಗೆದ್ದಲು, ಇರುವೆ, ಜೇನು, ಬಾರೆ, ಕವಳೆ, ಅತ್ತಿ, ಕಕ್ಕೆ, ಸೀತಾಫಲ ಇವೇ ಇದರ ಆಹಾರ. ಮೇಲ್ದವಡೆಯ ಮುಂದಿನ ಎರಡು ಹಲ್ಲುಗಳು ಇದಕ್ಕಿಲ್ಲ. ಆ ಸಂದಿಯ ಮೂಲಕ ಹುತ್ತದೊಳಗಿನ ಗೆದ್ದಲನ್ನು ಹೀರಿಕೊಳ್ಳುತ್ತದೆ.

ಮೂಗು ಬಹು ಚುರುಕು, ಕಣ್ಣು ಮಂದ. ಹುತ್ತವನ್ನು ಕೆದಕುವುದರಲ್ಲಿ ಮಗ್ನವಾಗಿರುವಾಗ ಮನುಷ್ಯನು ತೀರ ಸಮೀಪಕ್ಕೆ ಬರುವವರೆಗೂ ಇದಕ್ಕೆ ತಿಳಿಯದೆ ಹೋಗಬಹುದು. ತಿಳಿದೊಡನೆ ಗಾಬರಿಯಿಂದ ಮೇಲೆ ಬೀಳುತ್ತದೆ. ಹುಲಿ ಚಿರತೆಗಳ ನಡುವೆ ಬಾಳಿಬಂದ ಈ ಪ್ರಾಣಿಗೆ ಓಡಿಹೋಗುವುದಕ್ಕಿಂತ ಎದುರಿಸಿ ನಿಲ್ಲುವುದೇ ರೂಢಿಯಾಗಿದೆ. ಮರಿಗಳನ್ನು ಬೆನ್ನ ಮೇಲೆ ಹೊತ್ತ ತಾಯಿಯಾದರಂತೂ ಹೇಳತಕ್ಕದ್ದೇ ಇಲ್ಲ. ಹಿಂಗಾಲುಗಳ ಮೇಲೆದ್ದು ಉಗುರು ಬೀಸುವುದರಿಂದ ಪೆಟ್ಟು ಮುಖಕ್ಕೂ ತಲೆಗೂ ಬೀಳುತ್ತದೆ. ಪ್ರಾಣ ಉಳಿದವನು ಕಣ್ಣನ್ನೋ, ಮೂಗನ್ನೋ ಕಳೆದುಕೊಂಡು ಜನರ ಮುಂದೆ ಮುಖ ತೋರಲಾರದೆ ಬದುಕುತ್ತಾನೆ. ಹೀಗಾಗಿ ಕರಡಿಗೆ ದುರುದ್ದೇಶವಿಲ್ಲವೆಂಬುದು ನಿಜ. ಆದರೆ ಗಾಯಗೊಂಡವನಿಗೆ ಅದರಿಂದ ಸಮಾಧಾನವಾಗದೆಂಬುದೂ ಅಷ್ಟೇ ನಿಜ.

ಬಂಡೆಯ ನಾಡು

ಹಂಪೆಯ ಸುತ್ತಲಿನ ಬಂಡೆಗುಡ್ಡಗಳ ಸೀಮೆಯನ್ನು ಕಿಷ್ಕಿಂಧೆಯೆಂದು ನಮ್ಮ ಜನ ನಂಬಿದ್ದಾರೆ. ಅದು ಜಾಂಬವಂತನ ನಾಡೂ ಹೌದು. ಗಣೇಶನ ಚೌತಿಯಂದು ನಾವೆಲ್ಲ ಕೇಳುವ ಶ್ಯಮಂತಕಮಣಿಯ ಕಥೆಯಲ್ಲಿ ಕೃಷ್ಣನು ಮಣಿಯನ್ನರಸುತ್ತ ಜಾಂಬವಂತನ ಗುಹೆಯನ್ನೇ ಹೊಕ್ಕನು. ಬಹುದಿನ ಕಾದಾಡಿದ ಮೇಲೆ ಇಬ್ಬರೂ ಬಂಧುಗಳಾದರು. ಇಂದು ಆ ಗುಹೆಗಳನ್ನು ಹೊಕ್ಕಿರುವವರು ಬೇರೆಯವರು, ಅವರು ಅರಸುವ ಮಣಿಯೂ ಬೇರೆ.

ಹಗಲಿನ ಬಿಸಿಲಿನಲ್ಲಿ ಕರಡಿ ಮಲಗುವುದು ಬಂಡೆಗಳ ಸಂದಿನಲ್ಲಿ. ಆ ಬಂಡೆಗಳೇ ಗ್ರಾನೈಟ್ ಕಲ್ಲಾಗಿ ಪಟ್ಟಣದ ಮನೆಗಳ ನೆಲಕ್ಕೆ ಬಂದು ಬೀಳುತ್ತಿವೆ. ಸಂಡೂರಿನ ಬೆಟ್ಟಗಳನ್ನು ಕಬ್ಬಿಣದ ಅದಿರಿಗಾಗಿ ಎಷ್ಟು ಅಗೆದರೆಂದರೆ, 2011ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಬೇಕಾಯಿತು. ಸರಕಾರವು ಕರಡಿಗಾಗಿ ಏನೂ ಮಾಡಲಿಲ್ಲವೆಂದಲ್ಲ. 1994ರಲ್ಲಿ ದರೋಜಿ ಕರಡಿಧಾಮವನ್ನೂ, 2013ರಲ್ಲಿ ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಕರಡಿಧಾಮವನ್ನೂ ಘೋಷಿಸಿತು. ಬೋಳಾಗಿದ್ದ ದರೋಜಿಯ ಗುಡ್ಡಗಳು ಕಾವಲಿನ ಫಲವಾಗಿ ಮತ್ತೆ ಹಸುರಾದುದು ಮೆಚ್ಚತಕ್ಕ ಸಂಗತಿ. ಆದರೆ ಕರಡಿಗೆ ಇಲಾಖೆಯ ನಕ್ಷೆಯನ್ನು ಓದಲು ಬಾರದು. ಧಾಮದ ಗೆರೆಯಾಚೆ ಶೇಂಗಾ, ಮೆಕ್ಕೆಜೋಳ, ಕಬ್ಬು, ಹಣ್ಣಿನ ತೋಟಗಳಿವೆ. ಬೇಸಗೆಯಲ್ಲಿ ನೀರೂ ಅಲ್ಲಿಯೇ ಇದೆ. ರಾತ್ರಿ ಕರಡಿ ಅತ್ತ ಬರುತ್ತದೆ. ವಿದ್ಯುತ್ತು ರಾತ್ರಿ ಬರುವುದರಿಂದ ರೈತನೂ ಅದೇ ಹೊತ್ತಿಗೆ ಪಂಪು ಚಾಲೂ ಮಾಡಲು ಹೋಗುತ್ತಾನೆ. ಇಬ್ಬರೂ ಒಂದೇ ಬದುವಿನ ಮೇಲೆ ಎದುರಾಗುತ್ತಾರೆ.

ಬಂದೂಕಿನಿಂದ ಸೂಜಿಯವರೆಗೆ

ಹಿಂದಿನ ಕಾಲದ ಪರಿಹಾರ ಒಂದೇ: ಬಂದೂಕು. ಅರಸೀಕೆರೆಯ ಕಡೆ ಅನೇಕರನ್ನು ಕೊಂದ ಕರಡಿಯೊಂದನ್ನು ಬೇಟೆಯಾಡಿದ ಕಥೆಯನ್ನು ಕೆನೆತ್ ಆಂಡರ್ಸನ್ನರು 1957ರ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಆ ದಾರಿ ಮುಚ್ಚಿತು. ಇಂದು ಕರಡಿಯು ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ, ಹುಲಿಯ ಸಾಲಿನಲ್ಲಿದೆ. ಬಂದೂಕಿನ ಸ್ಥಾನಕ್ಕೆ ಅರಿವಳಿಕೆಯ ಸೂಜಿ ಬಂದಿದೆ.

ಆದರೆ ಸೂಜಿಯೂ ತಾನಾಗಿಯೇ ದಯೆಯಾಗುವುದಿಲ್ಲ. 2022ರ ಜೂನಿನಲ್ಲಿ ಆಂಧ್ರದ ಶ್ರೀಕಾಕುಳಂ ಜಿಲ್ಲೆಯಲ್ಲಿ ಒಬ್ಬನನ್ನು ಕೊಂದು ಹಲವರನ್ನು ಗಾಯಗೊಳಿಸಿದ ಕರಡಿಯನ್ನು ಅರಿವಳಿಕೆ ಕೊಟ್ಟು ಹಿಡಿದರು. ವಿಶಾಖಪಟ್ಟಣದ ಮೃಗಾಲಯಕ್ಕೆ ಒಯ್ಯುವಾಗ ಅದು ಸತ್ತಿತು. 2023ರ ಏಪ್ರಿಲಿನಲ್ಲಿ ಕೇರಳದ ವೆಳ್ಳನಾಡಿನಲ್ಲಿ ಬಾವಿಗೆ ಬಿದ್ದ ಕರಡಿಗೆ ನೀರಿನ ಮೇಲಿರುವಾಗಲೇ ಸೂಜಿ ಹೊಡೆದರು. ಎಚ್ಚರ ತಪ್ಪಿದ ಪ್ರಾಣಿ ಮುಳುಗಿ ಪ್ರಾಣಬಿಟ್ಟಿತು. ಅದೇ ವರ್ಷ ನಮ್ಮ ಈ ತೆಲಂಗಾಣದ ಕರೀಂನಗರದಲ್ಲಿ ಜನವಸತಿಯೊಳಕ್ಕೆ ಕರಡಿ ಬಂದು ಜನ ಕಂಗೆಟ್ಟರು. ಅದೂ ಕಲ್ಲುಗಣಿಗಳ ಸೀಮೆಯೇ ಎಂಬುದನ್ನು ಮರೆಯಲಾಗದು.

ಇಂತಹ ಸಂದರ್ಭಗಳಲ್ಲಿ ನೌಕರರನ್ನು ಬೈಯುವುದು ಸುಲಭ. ಸುತ್ತಲೂ ಗುಂಪು ಕೂಗುತ್ತಿರುವಾಗ, ಹೊತ್ತು ಮೀರುತ್ತಿರುವಾಗ, ತರಬೇತಾದ ಪಶುವೈದ್ಯನು ದೂರದ ಪಟ್ಟಣದಲ್ಲಿರುವಾಗ ಯಾರು ತಾನೇ ನೆಟ್ಟಗೆ ಯೋಚಿಸಿಯಾರು? ಕರುಣೆಯನ್ನು ಆ ಗಳಿಗೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಬಾವಿಗೆ ಕಟ್ಟೆ ಕಟ್ಟಿದ್ದರೆ ಸೂಜಿಯ ಪ್ರಶ್ನೆಯೇ ಏಳುತ್ತಿರಲಿಲ್ಲ.

ಕಲಂದರರಿಂದ ಕಲಿತ ಪಾಠ

ಕರಡಿಯ ವಿಷಯದಲ್ಲಿಯೇ ನಮ್ಮ ದೇಶವು ಒಂದು ಜಗಳವನ್ನು ಮರ್ಯಾದೆಯಿಂದ ಪರಿಹರಿಸಿದ ನಿದರ್ಶನವುಂಟು. ಕರಡಿಯ ಮೂಗಿಗೆ ಹಗ್ಗ ಪೋಣಿಸಿ ಬೀದಿಯಲ್ಲಿ ಕುಣಿಸುತ್ತಿದ್ದ ಕಲಂದರರನ್ನು ನಮ್ಮಲ್ಲಿ ನಡುವಯಸ್ಸಿನವರೆಲ್ಲ ಕಂಡಿದ್ದಾರೆ. ತಾಯಿಯಿಂದ ಮರಿಯನ್ನು ಕಿತ್ತು ತಂದು, ಕಾದ ಕಬ್ಬಿಣದಿಂದ ಮೂಗು ತೂತು ಮಾಡುತ್ತಿದ್ದ ಆ ವೃತ್ತಿ ಕ್ರೂರವಾದುದೇ. ಕಾಯಿದೆ ಬಂದರೂ ಅದು ನಿಂತಿರಲಿಲ್ಲ. ಏಕೆಂದರೆ ಕರಡಿಯನ್ನು ಕಸಿದುಕೊಂಡರೆ ಆ ಸಂಸಾರದ ಅನ್ನವನ್ನೇ ಕಸಿದಂತಾಗುತ್ತಿತ್ತು. ವೈಲ್ಡ್‌ಲೈಫ್ ಎಸ್‌ಒಎಸ್ ಎಂಬ ಸಂಸ್ಥೆಯು ಅರಣ್ಯ ಇಲಾಖೆಗಳೊಡನೆ ಸೇರಿ ಬೇರೆ ದಾರಿ ಹಿಡಿಯಿತು. ಕರಡಿಯನ್ನು ಒಪ್ಪಿಸಿದವನಿಗೆ ಬೇರೊಂದು ಕಸುಬಿಗೆ ಬಂಡವಾಳ, ಹೆಂಗಸರಿಗೆ ಕೆಲಸ, ಮಕ್ಕಳಿಗೆ ಶಾಲೆ. ಬೆಂಗಳೂರಿನ ಬನ್ನೇರುಘಟ್ಟದ ಕರಡಿ ಆಶ್ರಯ ಕೇಂದ್ರಕ್ಕೆ 2009ರ ಡಿಸೆಂಬರಿನಲ್ಲಿ ರಾಜು ಎಂಬ ಕರಡಿ ಬಂದುದರೊಂದಿಗೆ, ಅವರು ಪತ್ತೆಮಾಡಿದ್ದ ಕುಣಿಸುವ ಕರಡಿಗಳ ಸಾಲು ಮುಗಿಯಿತು. ಮನುಷ್ಯನ ಹೊಟ್ಟೆಯ ಪ್ರಶ್ನೆಗೆ ಉತ್ತರ ಕೊಟ್ಟ ಮೇಲೆಯೇ ಪ್ರಾಣಿಯ ಕೊರಳ ಹಗ್ಗ ಬಿಚ್ಚಿತು. ಕಲಂದರನಿಗೆ ಸಂದ ಈ ನ್ಯಾಯ ಕೂಡ್ಲಿಗಿಯ ರೈತನಿಗೇಕೆ ಸಲ್ಲಬಾರದು?

ಏನು ಮಾಡತಕ್ಕದ್ದು?

ನಮ್ಮ ದೃಷ್ಟಿಯಲ್ಲಿ ಆಗಬೇಕಾದವು ದೊಡ್ಡ ಪವಾಡಗಳಲ್ಲ. ಕರಡಿ ಓಡಾಡುವ ಊರುಗಳ ಹೊಲಗಳಿಗೆ ಹಗಲಿನಲ್ಲಿ ವಿದ್ಯುತ್ತು ಕೊಡತಕ್ಕದ್ದು. ತೆರೆದ ಬಾವಿಗಳಿಗೆ ಕಟ್ಟೆ ಕಟ್ಟತಕ್ಕದ್ದು. ಕತ್ತಲಲ್ಲಿ ಹೆಂಗಸರು ಬಯಲಿಗೆ ಹೋಗುವ ಅಗತ್ಯ ಉಳಿಯದಂತೆ ಮನೆಮನೆಗೂ ನೀರಿರುವ ಶೌಚಾಲಯ ಆಗತಕ್ಕದ್ದು. ಸೌದೆಗಾಗಿ ಬೆಟ್ಟಕ್ಕೆ ಹೋಗುವುದು ಕಡಮೆಯಾಗಬೇಕು. ಧಾಮಗಳೊಳಗೆ ಬಾರೆ, ಕವಳೆ, ಅತ್ತಿಗಳನ್ನು ಬೆಳೆಸಿ, ಬೇಸಗೆಯಲ್ಲಿ ನೀರಿನ ತೊಟ್ಟಿಗಳನ್ನು ತುಂಬಿಸಬೇಕು. ಕರಡಿ ಮರಿಹಾಕುವ ಬಂಡೆಗುಡ್ಡಗಳನ್ನು ಗುರುತಿಸಿ, ಅಲ್ಲಿ ಕಲ್ಲುಗಣಿಗೆ ಅನುಮತಿಯನ್ನೇ ಕೊಡಬಾರದು. ಬಲೆ, ಬೋನು, ಅರಿವಳಿಕೆ, ಪಶುವೈದ್ಯ ಇವುಗಳನ್ನುಳ್ಳ ತಂಡವು ತಾಲ್ಲೂಕಿನ ಸಮೀಪದಲ್ಲಿಯೇ ಇರಬೇಕು.

ಎಲ್ಲಕ್ಕೂ ಮಿಗಿಲಾದುದು ಗಾಯಗೊಂಡವನ ಚಿಕಿತ್ಸೆ. ಹರಿದ ಮುಖವನ್ನು ಹೊಲಿದು ಸರಿಪಡಿಸಲು ಒಂದಕ್ಕಿಂತ ಹೆಚ್ಚು ಶಸ್ತ್ರಕ್ರಿಯೆಗಳು ಬೇಕಾಗಬಹುದು. ಅವನ ಸಂಸಾರವು ಅರ್ಜಿ ಹಿಡಿದು ಕಛೇರಿಯಿಂದ ಕಛೇರಿಗೆ ತಿರುಗುವಂತಾಗದೆ, ಪರಿಹಾರದ ಹಣ ಆಸ್ಪತ್ರೆಯ ಹಾಸಿಗೆಯ ಬಳಿಗೇ ಬರಬೇಕು. ಕೆಲಸ ತಪ್ಪಿದ ದಿನಗಳ ಕೂಲಿಯೂ ಅದರಲ್ಲಿ ಸೇರಬೇಕು. ಬೆಳೆ ಹಾನಿಯ ಪರಿಹಾರವೂ ಮುಂದಿನ ಬಿತ್ತನೆಗೆ ಮುನ್ನ ಕೈಸೇರಬೇಕು. ಹೀಗೆ ನಡೆದ ಊರಿನಲ್ಲಿ ಕರಡಿಯ ದಾರಿಗೆ ಉರುಲು ಹಾಕುವವನ ಕೈ ತಾನಾಗಿ ಹಿಂದೆಗೆದೀತು.

ನಮ್ಮ ಕಸುಬಿನವರಿಗೆ ಒಂದು ಮಾತು

ಈ ಪ್ರಶ್ನೆಯಲ್ಲಿ ಹೋಟೆಲಿನವರ ಹೊಣೆಯೂ ಇದೆಯೆಂದರೆ ವಾಚಕರು ಆಶ್ಚರ್ಯಪಡಬಹುದು. ರಾಜಸ್ಥಾನದ ಮೌಂಟ್ ಆಬುವಿನಲ್ಲಿ ಕರಡಿಗಳು ಹೋಟೆಲುಗಳ ಹಿಂದಿನ ಮುಸುರೆಯ ಡಬ್ಬಗಳಿಗೆ ಬರುತ್ತವೆ. ನೀಲಗಿರಿಯ ಕೂನೂರು, ಕೋತಗಿರಿಗಳಲ್ಲಿ ಗುಡಿಯ ದೀಪದೆಣ್ಣೆಗೂ, ಅಂಗಡಿಯ ತಿಂಡಿಗೂ ಬಾಗಿಲು ಮುರಿದು ನುಗ್ಗಿದ್ದುಂಟು. ಅಮೆರಿಕದ ಯೆಲ್ಲೋಸ್ಟೋನ್ ವನದಲ್ಲಿ ಒಂದಾನೊಂದು ಕಾಲದಲ್ಲಿ ಹೋಟೆಲುಗಳ ಎಂಜಲನ್ನು ಕರಡಿಗಳು ತಿನ್ನುವುದೇ ಪ್ರವಾಸಿಗಳಿಗೆ ಒಂದು ನೋಟವಾಗಿತ್ತು. ಮುಂದೆ 1970ರ ಸುಮಾರಿಗೆ ತಿಪ್ಪೆಗಳನ್ನು ಮುಚ್ಚಿದಾಗ, ಎಂಜಲಿಗೆ ಒಗ್ಗಿಹೋಗಿದ್ದ ಕರಡಿಗಳು ಜನರ ಬಿಡಾರಗಳಿಗೆ ನುಗ್ಗಿ ಅನೇಕವು ಗುಂಡಿಗೆ ಬಲಿಯಾದುವು. ದರೋಜಿಯಲ್ಲಿಯೂ ಪ್ರವಾಸಿಗಳ ಕಣ್ಣಿಗೆ ಬೀಳಲೆಂದು ಬಂಡೆಗಳಿಗೆ ಬೆಲ್ಲದ ಪಾಕ ಬಳಿಯುವ ರೂಢಿ ನಡೆದದ್ದುಂಟು. ಕೈಯಾರೆ ಉಣಿಸಿ ಸಲಿಗೆ ಕಲಿಸುವುದು ಕರುಣೆಯಲ್ಲ. ಹಂಪೆ, ಹೊಸಪೇಟೆಗಳ ಕಡೆ ಹೋಟೆಲಿಡುವ ನಮ್ಮ ಬಂಧುಗಳು ಮುಸುರೆಯ ಡಬ್ಬಕ್ಕೆ ಭದ್ರವಾದ ಮುಚ್ಚಳ ಹಾಕಿಸಿದರೆ ಅದೇ ದೊಡ್ಡ ಉಪಕಾರ.

ಇನ್ನು ಇಲ್ಲಿರುವವರು ಊರಿಗೆ ಫೋನು ಮಾಡಿದಾಗ ಮನೆಯವರಿಗೆ ಇಷ್ಟನ್ನು ಹೇಳಲಿ: ಕತ್ತಲಲ್ಲಿ ಒಬ್ಬರೇ ಹೋಗಬೇಡಿ, ದೀಪ ಹಿಡಿದು, ಮಾತಾಡುತ್ತ, ಕೋಲು ಬಡಿಯುತ್ತ ಹೋಗಿ, ಮರಿ ಕಂಡರೆ ಹತ್ತಿರ ಸುಳಿಯಬೇಡಿ, ಕರಡಿ ಮೇಲೆ ಬಿದ್ದೇಬಿಟ್ಟರೆ ಬೋರಲಾಗಿ ಮಲಗಿ, ಕತ್ತಿನ ಹಿಂಭಾಗವನ್ನು ಕೈಗಳಿಂದ ಮುಚ್ಚಿಕೊಂಡು ಮುಖವನ್ನು ಕಾಪಾಡಿಕೊಳ್ಳಿ, ಅದು ದೂರ ಹೋಗುವವರೆಗೂ ಏಳಬೇಡಿ.

2022ರಿಂದ ಅಕ್ಟೋಬರ್ 12ನೆಯ ದಿನವನ್ನು ಈ ಕರಡಿಯ ಹೆಸರಿನಲ್ಲಿ ಪ್ರಪಂಚದಲ್ಲಿ ಆಚರಿಸಲಾಗುತ್ತಿದೆ. ಆ ದಿನ ಸಭೆಗಳಾಗಲಿ, ಭಾಷಣಗಳಾಗಲಿ, ನಮ್ಮ ಆಕ್ಷೇಪವಿಲ್ಲ. ಆದರೆ ಕರಡಿಯಿಂದ ಗಾಯಗೊಂಡ ಒಬ್ಬ ರೈತನನ್ನೂ ಆ ವೇದಿಕೆಗೆ ಕರೆದು, ಅವನಿಗೆ ಸಲ್ಲಬೇಕಾದುದು ಸಂದಿತೇ ಎಂದು ಎಲ್ಲರೆದುರು ವಿಚಾರಿಸಲಿ. ಸಂದಿದೆಯೆಂದು ಅವನು ತಲೆಯಾಡಿಸುವ ದಿನ ಕರಡಿಯ ಪ್ರಾಣಕ್ಕೆ ಬೇರೆ ಕಾವಲು ಬೇಕಾಗದೆಂದು ನಾವು ನಂಬಿದ್ದೇವೆ.