ಊರಿಗೊಬ್ಬ ಅಪ್ಪ ಬೇಕೆ?

ಸ್ಪರ್ಧಾ ಪರೀಕ್ಷೆಗೆ ಕಟ್ಟಿರುವ ನನ್ನ ತಂಗಿಯ ಮಗ ಮೊನ್ನೆ ಸಾಮಾನ್ಯ ಜ್ಞಾನದ ಪುಸ್ತಕವೊಂದನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದ. ‘ಕಲ್ಕತ್ತೆಯ ಸ್ಥಾಪಕ ಯಾರು? ಜಾಬ್ ಚಾರ್ನಾಕ್. ಯಾವಾಗ? 1690.’ ನಾನು ತಡೆದು, ‘ಆತ ಸ್ಥಾಪಕನಲ್ಲವೆಂದು ಅಲ್ಲಿನ ಹೈಕೋರ್ಟೇ 2003ರಲ್ಲಿ ಹೇಳಿದೆಯಲ್ಲೋ’ ಎಂದೆ. ‘ಮಾವ, ಹೈಕೋರ್ಟು ಹೇಳಿದ್ದಕ್ಕೆ ಮಾರ್ಕು ಕೊಡುವುದಿಲ್ಲ, ಪುಸ್ತಕದಲ್ಲಿರುವುದಕ್ಕೆ ಕೊಡುತ್ತಾರೆ’ ಎಂದು ಅವನು ಮುಂದಿನ ಪ್ರಶ್ನೆಗೆ ಹೋದ. ಹುಡುಗ ಹೇಳಿದ್ದು ಸುಳ್ಳಲ್ಲ. ಆದುದರಿಂದಲೇ ನಾನು ಲೇಖನಿ ಹಿಡಿಯಬೇಕಾಯಿತು.

1690ರ ಆಗಸ್ಟ್ 24ರಂದು ನಡೆದದ್ದಾದರೂ ಏನು? ಹೂಗ್ಲಿ ನದಿಯ ಪೂರ್ವದಂಡೆಯ ಸುತಾನುಟಿಯಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಒಬ್ಬ ಏಜೆಂಟ ಹಡಗಿನಿಂದಿಳಿದ. ಅದೂ ಮೊದಲ ಸಲವಲ್ಲ, ಮೂರನೆಯ ಸಲ. 1686ರಲ್ಲಿ ಮೊಗಲರೊಡನೆ ಕಾದಾಡಿ ಹೂಗ್ಲಿ ಪಟ್ಟಣದಿಂದ ಕಾಲ್ತೆಗೆದು ಇಲ್ಲಿಗೆ ಬಂದಿದ್ದ. ಹಿಜಲಿಗೆ ಹೋಗಿ ಮತ್ತೆ ಬಂದಿದ್ದ. ಅಲ್ಲಿಂದ ಮದರಾಸಿಗೆ ಹೋಗಿ ಕುಳಿತಿದ್ದ. ಬಂಗಾಳದ ಹೊಸ ಸುಬೇದಾರ ಇಬ್ರಾಹಿಂ ಖಾನ್ ಕರೆದ ಮೇಲೆ ಮಳೆಯಲ್ಲಿ ನೆನೆಯುತ್ತ ಮರಳಿದ. ಸೋತು, ಸಂಧಿ ಮಾಡಿಕೊಂಡು, ಅಪ್ಪಣೆ ಪಡೆದು ಬಂದವನನ್ನು ನಾವು ‘ಸ್ಥಾಪಕ’ ಎನ್ನುತ್ತೇವೆ!

ಅವನು ಇಳಿದದ್ದು ಬರಿಯ ಕಾಡಿನಲ್ಲೇ? ಸುತಾನುಟಿ ಎಂಬ ಹೆಸರನ್ನೇ ಬಿಡಿಸಿ ನೋಡಿ. ಸುತಾ ಎಂದರೆ ನೂಲು, ನುಟಿ ಎಂದರೆ ಲಡಿ. ನೂಲಿನ ಸಂತೆ ನೆರೆಯುತ್ತಿದ್ದ ಜಾಗವದು. ಸರಸ್ವತಿ ನದಿ ಹೂಳು ತುಂಬಿ, ಸಾತಗಾಂವ್ ಎಂಬ ಹಳೆಯ ಬಂದರು ಬಡವಾದಾಗ ಸೇಟ್ ಮತ್ತು ಬಸಾಕ್ ಮನೆತನದ ನೂಲು-ಬಟ್ಟೆಯ ವ್ಯಾಪಾರಿಗಳು ಕೆಳಕ್ಕೆ ಸರಿದು ಗೋವಿಂದಪುರದಲ್ಲಿ ಕಾಡು ಕಡಿದು ನೆಲಸಿದರು. ಅಕ್ಬರನ ಕಾಲದ ‘ಐನ್-ಇ-ಅಕ್ಬರಿ’ಯ ಕಂದಾಯದ ಪಟ್ಟಿಯಲ್ಲೂ ಕಲಿಕಾತಾ ಸೇರಿದೆ. ಕಂದಾಯ ಕೊಡುವ ಊರಿನಲ್ಲಿ ಜನರಿರಲಿಲ್ಲವೆಂದು ಹೇಳುವ ಧೈರ್ಯ ಯಾವ ಶಾನುಭೋಗನಿಗೂ ಇರದು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರಿತು; ಹುತ್ತ ಹಾವಿನದೆಂದೇ ಹೆಸರಾಯಿತು.

ಇನ್ನೂ ಒಂದು ಸಂಗತಿ. ಬಂದು ಮೂರು ವರ್ಷ ತುಂಬುವ ಮೊದಲೇ ಚಾರ್ನಾಕ್ ತೀರಿಕೊಂಡ. 1696ರಲ್ಲಿ ಶೋಭಾಸಿಂಹನ ದಂಗೆಯನ್ನು ನೆಪಮಾಡಿಕೊಂಡು ಕೋಟೆಯ ಕೆಲಸಕ್ಕೆ ಕೈಹಾಕಿದವರು ಬೇರೆಯವರು. ಸುತಾನುಟಿ, ಕಲಿಕಾತಾ, ಗೋವಿಂದಪುರಗಳ ಪತ್ರವಾದದ್ದು 1698ರ ನವೆಂಬರಿನಲ್ಲಿ. ಸಾವರ್ಣ ರಾಯಚೌಧುರಿ ಮನೆತನಕ್ಕೆ ಸಂದ ಹಣ 1300 ರೂಪಾಯಿ. ಕಂಪೆನಿಗೆ ದೊರೆತದ್ದಾದರೂ ಏನು? ಕಂದಾಯ ಎತ್ತುವ ಹಕ್ಕು. ಸಾರ್ವಭೌಮತ್ವವಲ್ಲ, ಜಮೀನ್ದಾರಿಕೆ! ಸತ್ತು ಐದಾರು ವರ್ಷಗಳಾದ ಮೇಲೆ ಊರು ಕೊಂಡು ಅದಕ್ಕೆ ಅಪ್ಪನಾದವರು ಪುರಾಣದಲ್ಲೂ ಅಪರೂಪ.

ನನ್ನ ಮಿತ್ರರೊಬ್ಬರು ಇದಕ್ಕೆ ಉತ್ತರ ಹೇಳುತ್ತಾರೆ: ‘ಮೂರು ಹಳ್ಳಿಗಳಿದ್ದುವು, ಸರಿ. ಕಂಪೆನಿ ಬಾರದಿದ್ದರೆ ಅವು ಹಳ್ಳಿಗಳಾಗಿಯೇ ಉಳಿಯುತ್ತಿರಲಿಲ್ಲವೇ?’ ವಾದದಲ್ಲಿ ಹುರುಳಿದೆ, ತಳ್ಳಿಹಾಕಲಾರೆ. ಆ ನಗರವನ್ನು ನಗರವಾಗಿಸಿದ್ದು ಕಂಪೆನಿಯ ವ್ಯಾಪಾರ, ಕಂಪೆನಿಯ ಕೋಟೆ, ಕಂಪೆನಿಯ ಆಳ್ವಿಕೆಯೇ ಹೌದು. ಆದರೆ ಬೆಳೆದ ಬಗೆಯನ್ನೂ ಹೇಳಿ. 1717ರಲ್ಲಿ ಬಾದಶಹ ಫರೂಖ್‌ಸಿಯರನ ಫರ್ಮಾನು ಸಿಕ್ಕಿ ಕಂಪೆನಿಗೆ ಸುಂಕ ತಪ್ಪಿತು. ಅದರ ನೌಕರರು ಆ ರಿಯಾಯಿತಿಯನ್ನು ತಮ್ಮ ಸ್ವಂತ ವ್ಯಾಪಾರಕ್ಕೂ ಎಳೆದುಕೊಂಡರು. ಇದೂ, ಅಪ್ಪಣೆಯಿಲ್ಲದೆ ಕೋಟೆ ಬಲಪಡಿಸಿದ್ದೂ ಸೇರಿ ಸಿರಾಜುದ್ದೌಲನ ಕೋಪಕ್ಕೆ ಕಾರಣವಾಗಿ, 1756ರಲ್ಲಿ ಅವನು ಊರನ್ನೇ ಹಿಡಿದು ‘ಅಲಿನಗರ’ ಎಂದು ಹೆಸರಿಟ್ಟ. ಮರುವರ್ಷ ಪ್ಲಾಸಿ. ಅನಂತರ ನವಾಬನ ಪಟ್ಟಕ್ಕೆ ಬಂದ ಮೀರ್ ಜಾಫರನಿಂದ ಪರಿಹಾರವೆಂದು ಹಣ ಹರಿದುಬಂತು. ಹೊಸ ಫೋರ್ಟ್ ವಿಲಿಯಂ ಎದ್ದುನಿಂತಿತು. ಎಲ್ಲಿ? ಗೋವಿಂದಪುರದಲ್ಲಿ! ಕಾಡು ಕಡಿದು ನೆಲಸಿದ್ದವರ ಮಕ್ಕಳು ಮೊಮ್ಮಕ್ಕಳಿಗೆ ಬೇರೆಡೆ ಜಾಗ ತೋರಿಸಿ ಎಬ್ಬಿಸಿದರು. ಫಿರಂಗಿಯ ಗುಂಡಿಗೆ ಅಡ್ಡಬಾರದೆಂದು ಕೋಟೆಯ ಸುತ್ತ ಬಯಲು ಮಾಡಿದರು. ಇಂದು ಸಂಜೆಯ ಗಾಳಿಗೆ ಜನ ತಿರುಗಾಡುವ ಮೈದಾನ ಅದೇ. ಸ್ಥಾಪನೆಯ ಕಥೆ ಹೇಳುವವರು ಈ ಎತ್ತಂಗಡಿಯ ಕಥೆಯನ್ನೂ ಅದೇ ಪುಟದಲ್ಲಿ ಹೇಳಬೇಡವೆ?

ಹಾಗೆಂದು ಚಾರ್ನಾಕನನ್ನು ಇಳಿಸಿದ ಪೀಠದ ಮೇಲೆ ಜಮೀನ್ದಾರರನ್ನು ಕೂರಿಸಬೇಕೆಂದು ನಾನು ಹೇಳುತ್ತಿಲ್ಲ. ನ್ಯಾಯಾಲಯಕ್ಕೆ ಹೋದವರು ಆ ಸಾವರ್ಣ ಮನೆತನದವರೇ. ಇತಿಹಾಸಜ್ಞರ ಸಮಿತಿಯ ವರದಿ ತರಿಸಿಕೊಂಡು ನ್ಯಾಯಾಲಯ ಒಪ್ಪಿದ್ದು ಇಷ್ಟು: ಊರಿಗೆ ಚಾರ್ನಾಕ್ ಸ್ಥಾಪಕನಲ್ಲ, ಆಗಸ್ಟ್ 24 ಹುಟ್ಟುಹಬ್ಬವಲ್ಲ. ಬದಲಿಗೆ ಇನ್ನೊಬ್ಬ ಅಪ್ಪನನ್ನು ಹುಡುಕಿಕೊಡಲಿಲ್ಲ. ಅದರ ವಿವೇಕ ಇರುವುದೇ ಅಲ್ಲಿ.

ಕನ್ನಡಿಗರಿಗೇಕೆ ಈ ಬಂಗಾಳದ ಉಸಾಬರಿ ಎಂದು ಕೇಳುವವರಿದ್ದಾರೆ. 1809ರಲ್ಲಿ ಇಂಗ್ಲಿಷರ ದಂಡು ಬಂದಿಳಿದ ಮೇಲೆಯೇ ಬೆಂಗಳೂರಿನ ಆ ಭಾಗ ಹುಟ್ಟಿತೆಂಬಂತೆ ನಾವೂ ಬರೆಯುತ್ತೇವೆ. ಹಲಸೂರಿನ ಸೋಮೇಶ್ವರ ದೇವಾಲಯ ಅದಕ್ಕೂ ಮೊದಲಿನಿಂದ ಅಲ್ಲೇ ನಿಂತಿದೆ. ಅಷ್ಟೇ ಅಲ್ಲ. ಕಲ್ಕತ್ತೆಯ ಸಂತ ಜಾನ್ ಚರ್ಚಿನ ಆವರಣದಲ್ಲಿರುವ ಚಾರ್ನಾಕನ ಗೋರಿಯ ಕಲ್ಲು ಮದರಾಸಿನ ಬಳಿಯ ಪಲ್ಲಾವರದ್ದು. ಭೂವಿಜ್ಞಾನಿ ಥಾಮಸ್ ಹಾಲೆಂಡ್ ಆ ಜಾತಿಯ ಶಿಲೆಗೆ ‘ಚಾರ್ನಾಕೈಟ್’ ಎಂದು ಹೆಸರಿಟ್ಟ. ನಮ್ಮ ಬಿಳಿಗಿರಿರಂಗನ ಬೆಟ್ಟವೂ ಬಹುಪಾಲು ಅದೇ ಶಿಲೆ. ಮನುಷ್ಯ ಹುಟ್ಟುವುದಕ್ಕೆ ಕೋಟಿ ಕೋಟಿ ವರ್ಷ ಮೊದಲೇ ಇದ್ದ ನಮ್ಮ ಬೆಟ್ಟಕ್ಕೂ ಕಂಪೆನಿಯ ಏಜೆಂಟನ ಹೆಸರು! ಕಲ್ಲಿಗೆ ಇಟ್ಟ ಹೆಸರು ಶಾಸ್ತ್ರದ ಅನುಕೂಲಕ್ಕೆ. ಇರಲಿ, ಅದರಿಂದ ಬೆಟ್ಟಕ್ಕೆ ನೋವಿಲ್ಲ. ಊರಿಗೆ ಇಟ್ಟ ಅಪ್ಪನ ಹೆಸರು ಹಾಗಲ್ಲ. ಅದು ನೂಲು ತಂದವರನ್ನು, ಕಾಡು ಕಡಿದವರನ್ನು, ಕೋಟೆಗಾಗಿ ಮನೆ ಬಿಟ್ಟವರನ್ನು ಒಂದೇ ಏಟಿಗೆ ಅಳಿಸುತ್ತದೆ.

ಆ ಊರಿಗೆ ಯಾರನ್ನಾದರೂ ಕಾರಣವೆನ್ನಲೇಬೇಕಾದರೆ ನದಿಯನ್ನು ಅನ್ನಿ. ಸಾತಗಾಂವನ್ನು ಮುಳುಗಿಸಿದ್ದೂ ಹೂಳು, ವ್ಯಾಪಾರವನ್ನು ಕೆಳಕ್ಕೆ ತಳ್ಳಿದ್ದೂ ಹೂಳು. ಅದೇ ಹೂಳು ಕಲ್ಕತ್ತೆಯ ಬಂದರನ್ನೂ ಕಾಡಿದ್ದರಿಂದಲೇ 1975ರಲ್ಲಿ ಫರಕ್ಕಾ ಅಣೆಯಿಂದ ಗಂಗೆಯ ನೀರನ್ನು ತಿರುಗಿಸಬೇಕಾಯಿತು. ನದಿಗೆ ಹುಟ್ಟುಹಬ್ಬವಿಲ್ಲ, ಪರೀಕ್ಷೆಯ ಪುಸ್ತಕದಲ್ಲಿ ಅದಕ್ಕೆ ಮಾರ್ಕೂ ಇಲ್ಲ.

ಸೋದರಳಿಯನಿಗೆ ನಾನು ಹೇಳಿದ್ದು ಇಷ್ಟೆ: ‘ಪರೀಕ್ಷೆಯಲ್ಲಿ ಏನು ಬೇಕಾದರೂ ಬರಿ, ಮಾರ್ಕು ತಗೊ. ನಾಳೆ ಅಧಿಕಾರಿಯಾಗಿ ಎಲ್ಲಾದರೂ ಊರನ್ನು ಎಬ್ಬಿಸುವ ಕಾಗದಕ್ಕೆ ರುಜು ಹಾಕುವಾಗ ಗೋವಿಂದಪುರವನ್ನು ನೆನೆದುಕೊ.’