ವಾಹನ ವಿಚಾರ: ದೊಡ್ಡ ಗಾಲಿ ಮತ್ತು ಹೆದ್ದಾರಿಯ ನಡುಕ

ಈ ತಿಂಗಳ ಪ್ರಶ್ನೆ ಗುಡಿಬಂಡೆಯ ವರ್ತಕ ಬಂಧುಗಳೊಬ್ಬರದು. ಚಿಕ್ಕಬಳ್ಳಾಪುರ ಜಿಲ್ಲೆಯ ಗುಡಿಬಂಡೆಯಲ್ಲ, ಮಡಕಶಿರಾ ಕಡೆಯದು. ಹಿಂದೆ ಅನಂತಪುರ ಜಿಲ್ಲೆ, 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆ. ಮನೆಯ ಕಾರಿನ 15 ಇಂಚಿನ ಗಾಲಿ ತೆಗೆಸಿ 16 ಇಂಚಿನ ಅಲಾಯ್ ಗಾಲಿ ಹಾಕಿಸಿದ್ದಾರೆ. ಮಡಕಶಿರಾ, ಹಿಂದೂಪುರ ಪೇಟೆಗಳ ಓಡಾಟದಲ್ಲಿ ಏನೂ ತೊಂದರೆಯಿಲ್ಲ. ಸಿರಾದಲ್ಲಿ 48ನೇ ರಾಷ್ಟ್ರೀಯ ಹೆದ್ದಾರಿ ಹತ್ತಿ ವೇಗ 90 ದಾಟಿತೆಂದರೆ ಸ್ಟೇರಿಂಗ್ ನಡುಗುತ್ತದೆ. 110ಕ್ಕೆ ಹೋದರೆ ನಡುಕ ನಿಲ್ಲುತ್ತದೆ. ಎರಡು ಸಲ ಬ್ಯಾಲೆನ್ಸ್ ಮಾಡಿಸಿದರೂ ಗುಣವಿಲ್ಲ. “ಹಾಗಾದರೆ 110ರಲ್ಲೇ ಓಡಿಸೋಣ” ಎನ್ನುತ್ತಾನಂತೆ ಮಗ.

ಮೊದಲು ಆ ಮಾತನ್ನು ಬಿಡಿಸಬೇಕು. ಬೆಳಗೊಳಕ್ಕೆ ಹೊರಟ ದಿನ ಮನೆಯ ಹಿರಿಯರಿಗೆ ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ತುಮಕೂರಿನಲ್ಲಿ ತಡವಾದರೆ ಚಾಲಕನ ಕಾಲು ತಾನಾಗಿ ಕೆಳಗಿಳಿಯುತ್ತದೆ. ನಡುಕವೂ ನಿಲ್ಲುತ್ತದೆಂದರೆ ಕೇಳಬೇಕೆ! 2018ರ ಕೇಂದ್ರ ಅಧಿಸೂಚನೆಯಂತೆ ನಾಲ್ಕು ಪಥದ ಹೆದ್ದಾರಿಯಲ್ಲಿ ಕಾರಿಗೆ 100 ಕಿ.ಮೀ. ಮಿತಿ ಎಂಬುದು ಒಂದು ಮಾತು. ನಡುಕ ನಿಂತಿತೆಂದರೆ ದೋಷ ಹೋಯಿತೆಂದಲ್ಲ ಎಂಬುದು ಅದಕ್ಕಿಂತ ದೊಡ್ಡ ಮಾತು.

ತಕ್ಕಡಿ ಹಿಡಿದವರಿಗೆ ಇದು ಬೇಗ ತಿಳಿಯುತ್ತದೆ. ಗಾಲಿಯ ಅಂಚಿನಲ್ಲಿ 30 ಗ್ರಾಂ ತೂಕ ಒಂದೇ ಕಡೆ ಹೆಚ್ಚಿದೆ ಎನ್ನಿ. 40 ಕಿ.ಮೀ. ವೇಗದಲ್ಲಿ ಅದು ಸುಮಾರು ಮುಕ್ಕಾಲು ಕಿಲೋ ಭಾರದಷ್ಟು ಎಳೆಯುತ್ತದೆ. 100ರಲ್ಲಿ ಅದೇ 30 ಗ್ರಾಂ ನಾಲ್ಕೂವರೆ ಕಿಲೋಗೂ ಮಿಕ್ಕಿ ಎಳೆಯುತ್ತದೆ. ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟು. ಆ ವೇಗದಲ್ಲಿ ಗಾಲಿ ಸೆಕೆಂಡಿಗೆ ಸುಮಾರು 14 ಸುತ್ತು ತಿರುಗುತ್ತದೆ. ಮುಂಭಾಗದ ಸಸ್ಪೆನ್ಷನ್ ಸಹಜವಾಗಿ ಅದುರುವ ಲಯವೂ ಅದರ ಆಸುಪಾಸಿನದೇ. ಎರಡೂ ಕೂಡಿದಾಗ ಕೈಗೆ ನಡುಕ ಬರುತ್ತದೆ. ಲಯ ತಪ್ಪಿದೊಡನೆ ಕೈಗೆ ತಿಳಿಯುವುದಿಲ್ಲ, ಆದರೆ ಎಳೆತ ಇನ್ನೂ ಹೆಚ್ಚಿರುತ್ತದೆ. ಪೆಟ್ಟು ಬೇರಿಂಗಿಗೆ, ಬಾಲ್ ಜಾಯಿಂಟಿಗೆ ಬೀಳುತ್ತಿರುತ್ತದೆ.

ಎರಡು ಸಲ ಬ್ಯಾಲೆನ್ಸ್ ಮಾಡಿಸಿದರೂ ಏಕೆ ಸರಿಹೋಗಲಿಲ್ಲ? ನನ್ನ ಅನುಮಾನ ಗಾಲಿಯ ನಡುವಿನ ತೂತಿನ ಮೇಲೆ. ಕಾರಿನೊಡನೆ ಬಂದ ಗಾಲಿಯ ತೂತು ಹಬ್ಬಿನ ಮೇಲೆ ಬಿಗಿಯಾಗಿ ಕೂರುತ್ತದೆ. ಹೊರಗೆ ಮಾರುವ ಅಲಾಯ್ ಗಾಲಿ ಹತ್ತು ಬಗೆಯ ಕಾರಿಗೆ ಹೊಂದಬೇಕಲ್ಲ, ಆದ್ದರಿಂದ ತೂತು ದೊಡ್ಡದು, 73.1 ಮಿ.ಮೀ. ಸಾಮಾನ್ಯ ಅಳತೆ. ಕಾರಿನ ಹಬ್ಬು 60.1 ಮಿ.ಮೀ. ಇದ್ದರೆ ಸುತ್ತಲೂ ಆರೂವರೆ ಮಿ.ಮೀ. ಸಂದು. ಬ್ಯಾಲೆನ್ಸ್ ಯಂತ್ರವು ಗಾಲಿಯನ್ನು ತನ್ನ ಶಂಕುವಿನ ಮೇಲೆ ಸರಿಯಾಗಿ ನಡುವಿಗೆ ತಂದು ತೂಗುತ್ತದೆ, ಸೊನ್ನೆ ತೋರಿಸುತ್ತದೆ. ಕಾರಿಗೆ ಹಾಕುವಾಗ ಅದೇ ಗಾಲಿ ಕೂದಲೆಳೆಯಷ್ಟು ಓರೆ ಕೂತರೆ ಆ ಸೊನ್ನೆಯಿಂದ ಏನು ಪ್ರಯೋಜನ? ನಟ್ಟೇ ಗಾಲಿಯನ್ನು ನಡುವಿಗೆ ತರುತ್ತದೆ ಎಂದು ಅಂಗಡಿಯವರು ಹೇಳುವುದುಂಟು. ಪೂರ್ತಿ ಸುಳ್ಳಲ್ಲ. ಆದರೆ ಕಾರಿನ ಭಾರ ಗಾಲಿಯ ಮೇಲಿರುವಾಗಲೇ ಗನ್ನು ಹಿಡಿದು ಒಂದೊಂದೇ ನಟ್ಟನ್ನು ಪೂರ್ತಿ ಬಿಗಿದರೆ ಅದು ನಡುವಿಗೆ ಬರುವುದು ಅದೃಷ್ಟದ ಮೇಲೆ.

ಇದಕ್ಕೆ ಹಬ್ ರಿಂಗ್ ಎಂಬ ಬಳೆ ಸಿಗುತ್ತದೆ. ಒಳಅಳತೆ ಹಬ್ಬಿನದು, ಹೊರಅಳತೆ ಗಾಲಿಯದು. ವರ್ನಿಯರ್ ಹಿಡಿದು ಎರಡನ್ನೂ ಅಳೆಸಿಯೇ ಕೊಳ್ಳಬೇಕು, ಕಣ್ಣಳತೆ ಸಾಲದು. ಹಾಕುವ ಮುಂಚೆ ಹಬ್ಬಿನ ಮುಖದ ತುಕ್ಕನ್ನು ತಂತಿಬ್ರಷ್ಷಿನಿಂದ ಉಜ್ಜಿಸಿ. ಗಾಲಿ ನೆಲ ಮುಟ್ಟದಂತೆ ಜಾಕ್ ಮೇಲಿರುವಾಗ ನಟ್ಟುಗಳನ್ನು ಎದುರುಬದುರಾಗಿ ಕೈಯಿಂದ ಕೂರಿಸಿ, ಇಳಿಸಿದ ಮೇಲೆ ಟಾರ್ಕ್ ರೆಂಚಿನಿಂದ ಕಾರಿನ ಪುಸ್ತಕದಲ್ಲಿರುವಷ್ಟೇ ಬಿಗಿಸಿ. ನೂರು ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ನೋಡಿಸಬೇಕು. ನಟ್ಟಿನ ಬುಡವೂ ಗಾಲಿಗೆ ಹೊಂದಬೇಕು: ಕೆಲವು ಕಂಪನಿ ಗಾಲಿಗಳಿಗೆ ಚಪ್ಪಟೆ ಬುಡದ ನಟ್ಟು, ಹೊರಗಿನ ಗಾಲಿಗಳಿಗೆ ಬಹುತೇಕ ಶಂಕುವಿನ ಬುಡ. ಹಳೆಯ ನಟ್ಟನ್ನೇ ಹಾಕಿದ್ದರೆ ಅದು ನಡುಕದ ಮಾತಲ್ಲ, ಪ್ರಾಣದ ಮಾತು. ಅಂದೇ ಬದಲಿಸಿ.

ಅಷ್ಟಾದರೂ ನಡುಗಿದರೆ, ಎಲ್ಲಿ ನಡುಗುತ್ತದೆ ನೋಡಿ. ಸ್ಟೇರಿಂಗ್ ಆದರೆ ಮುಂದಿನ ಗಾಲಿ, ಸೀಟು ಆದರೆ ಹೆಚ್ಚಾಗಿ ಹಿಂದಿನದು. ಮುಂದಿನವನ್ನು ಹಿಂದಕ್ಕೆ ಹಾಕಿಸಿದಾಗ ನಡುಕವೂ ಹಿಂದಕ್ಕೆ ಹೋದರೆ ದೋಷ ಗಾಲಿಯಲ್ಲೋ ಟೈರಿನಲ್ಲೋ ಇದೆ. ಯಂತ್ರದ ಮೇಲೆ ತಿರುಗಿಸಿ ಅಂಚು ಏರಿಳಿಯುತ್ತದೆಯೇ ನೋಡಿಸಿ. ದೊಡ್ಡ ಗಾಲಿಗೆ ಟೈರಿನ ಗೋಡೆ ಗಿಡ್ಡ, ಒಂದು ಗುಂಡಿಗೆ ಅಂಚು ಸೊಟ್ಟಗಾಗುತ್ತದೆ. ಬ್ರೇಕ್ ಹಿಡಿದಾಗ ಮಾತ್ರ ನಡುಗಿದರೆ ಡಿಸ್ಕ್ ನೋಡಿಸಿ. ಅಲೈನ್‌ಮೆಂಟ್ ತಪ್ಪಿದ್ದರೆ ಕಾರು ಒಂದು ಕಡೆ ಎಳೆಯುತ್ತದೆ, ಟೈರು ಸವೆಯುತ್ತದೆ. ಈ ಬಗೆಯ ನಡುಕಕ್ಕೆ ಅದಕ್ಕೆ ದುಡ್ಡು ಸುರಿಯುವುದು ದಂಡ.

ಟೈರಿನ ಬದಿಯ ಸಂಖ್ಯೆಯನ್ನೂ ಓದಿ. 185/65 ಆರ್ 15 ಇದ್ದ ಕಡೆ 195/55 ಆರ್ 16 ಹಾಕಿದರೆ ಹೊರಗಿನ ಎತ್ತರ ಎರಡೂ ಸುಮಾರು 62 ಸೆಂ.ಮೀ. 205/60 ಆರ್ 16 ಹಾಕಿದ್ದರೆ 65 ದಾಟುತ್ತದೆ. ಮೀಟರು 100 ತೋರಿಸುವಾಗ ಕಾರು ಅದಕ್ಕಿಂತ 5 ಕಿ.ಮೀ. ಹೆಚ್ಚಿಗೆ ಓಡುತ್ತಿರುತ್ತದೆ. ಮೋಟಾರು ವಾಹನ ಕಾಯಿದೆಯ 52ನೇ ಕಲಮು ತಯಾರಕರ ವಿವರಕ್ಕೆ ಹೊರತಾದ ಮಾರ್ಪಾಟನ್ನು ತಡೆಯುತ್ತದೆ, ವಿಮೆಯವರೂ ಅದನ್ನೇ ಎತ್ತಬಹುದು. ಅದಕ್ಕೇ ಹಳೆಯ ನಾಲ್ಕು ಗಾಲಿಗಳನ್ನು ಇನ್ನೂ ಮಾರಬೇಡಿ. ರಿಂಗು, ನಟ್ಟು ಸರಿಮಾಡಿಸಿ ಸಿರಾ–ತುಮಕೂರು ನಡುವೆ ಒಂದು ಬೆಳಿಗ್ಗೆ ಮನೆಮಂದಿಯಿಲ್ಲದೆ 90ರಲ್ಲಿ ಓಡಿಸಿ ನೋಡಿ. ನಡುಕ ಉಳಿದಿದ್ದರೆ ಹಳೆಯ ಗಾಲಿ ಹಾಕಿಸಿಕೊಂಡೇ ಯಾತ್ರೆಗೆ ಹೊರಡಿ.